ಹಸಿದ ಹೃದಯಕ್ಕೆ ಗ್ಲೂಕೋಸ್ ಏರಿಸಿದರೆ ಆಗುತ್ತಾ?

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಸಾವಿನ ಸುದ್ದಿ ಬಂತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ. ಅವರಲ್ಲಿ ಹಲವರು ಸಣ್ಣ ವಯಸ್ಸಿನವರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಕ್ಯೂ ಬೆಳೆಯಿತು. ಎದೆಯಲ್ಲಿ ಚುಳುಕ್ ಅಂದವರೂ ಬಂದರು, ಏನೂ ಅನ್ನದವರೂ ಬಂದರು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹೃದಯಾಘಾತಗಳು ಏಕಾಏಕಿ ಏರಿವೆ ಅನ್ನಲು ಆಧಾರ ಸಿಗಲಿಲ್ಲ ಅಂತ ಸಮಿತಿ ಹೇಳಿತು. ಕ್ಯೂ ಕರಗಿತು. ಭಯ ಅಷ್ಟು ಬೇಗ ಕರಗಲಿಲ್ಲ.

ಆ ಭಯದ ಜೊತೆ ಕೆಲವು ಗೊಂದಲಗಳೂ ಉಳಿದಿವೆ. ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಬಂದವರ ಚೀಟಿಯಲ್ಲಿ ಶುಗರ್ ಮಾತ್ರೆ ಇರುತ್ತದೆ, ಅವರಿಗೆ ಶುಗರ್ ಇರುವುದಿಲ್ಲ. ಅದೇ ಮಾತ್ರೆ, ಎಂಪಾಗ್ಲಿಫ್ಲೋಜಿನ್, 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ ಒಂದಕ್ಕೆ 60 ರೂಪಾಯಿ ಆಸುಪಾಸಿನಿಂದ 10 ರೂಪಾಯಿ ಆಸುಪಾಸಿಗೆ ಇಳಿದಾಗ ಸುದ್ದಿಯಾಯಿತು. ಮೆಡಿಕಲ್ ಶಾಪ್‌ನ ಗಾಜಿನ ಹಿಂದೆ ‘ಹಾರ್ಟ್‌ಗೆ ಶಕ್ತಿ’ ಅನ್ನುವ ಕ್ಯಾಪ್ಸೂಲ್‌ಗಳ ಸಾಲು ಬೇರೆ. ಇನ್ನು ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ನಿಂತ ಮನೆಯವರ ಹಳೇ ಬೇಡಿಕೆ ಇದ್ದೇ ಇದೆ: “ಡಾಕ್ಟ್ರೇ, ಒಂದು ಗ್ಲೂಕೋಸ್ ಆದ್ರೂ ಹಾಕಿ, ಅಪ್ಪ ತುಂಬಾ ಸುಸ್ತಾಗಿದಾರೆ.”

ನೋಡಿದರೆ ಇವೆಲ್ಲ ಬೇರೆ ಬೇರೆ ವಿಷಯ. ಒಳಗಿರುವುದು ಮಾತ್ರ ಒಂದೇ ಪ್ರಶ್ನೆ. ಹಾರ್ಟ್ ಅಟ್ಯಾಕ್ ಆಗುವಾಗ ಮತ್ತು ಆದ ಮೇಲೆ ಹೃದಯಕ್ಕೆ ಊಟ ಕೊಟ್ಟು ಅದನ್ನು ಉಳಿಸಿಕೊಳ್ಳಬಹುದಾ? ವೈದ್ಯಲೋಕ ಈ ಪ್ರಶ್ನೆಯ ಬೆನ್ನು ಹತ್ತಿ 60 ವರ್ಷ ದಾಟಿದೆ. ಉತ್ತರ ಹುಡುಕಿದವರಲ್ಲಿ ಬೆಂಗಳೂರಿನವರೂ ಇದ್ದಾರೆ.

ಹತ್ತು ಸೆಕೆಂಡಿನ ದಾಸ್ತಾನು

ಹೃದಯದ ತೂಕ ಸುಮಾರು 300 ಗ್ರಾಂ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಮ್ಮ ಜೀವಕೋಶಗಳು ಯಾವ ಕೆಲಸ ಮಾಡಿದರೂ ಅದಕ್ಕೆ ಕೈಯಿಂದ ಕೊಡುವ ಚಿಲ್ಲರೆ ಕಾಸಿನ ಹೆಸರು ಎಟಿಪಿ. ಹೃದಯ ಒಂದು ದಿನದಲ್ಲಿ ಮಾಡಿ, ಖರ್ಚು ಮಾಡಿ, ಮತ್ತೆ ಮಾಡುವ ಎಟಿಪಿಯನ್ನೆಲ್ಲ ಕೂಡಿಸಿದರೆ 6 ಕೆಜಿ ದಾಟುತ್ತದೆ ಅಂತ ಲೆಕ್ಕ. ತನ್ನ ತೂಕದ 20 ಪಟ್ಟು! ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಅದರ ಜೇಬಿನಲ್ಲಿರುವುದು ಸುಮಾರು ಹತ್ತು ಸೆಕೆಂಡಿಗೆ ಸಾಲುವಷ್ಟು. ದಿನಗೂಲಿ ಸಂಸಾರದ ಹಾಗೆ, ಅವತ್ತಿನದು ಅವತ್ತಿಗೆ.

ಈ ಕಾಸನ್ನು ಹುಟ್ಟಿಸಲು ಹೃದಯ ಏನು ಬೇಕಾದರೂ ಉರಿಸುತ್ತದೆ. ಹೆಚ್ಚಿನ ಪಾಲು ಕೊಬ್ಬಿನ ಆಮ್ಲಗಳಿಂದ ಬರುತ್ತದೆ. ಉಳಿದದ್ದು ಗ್ಲೂಕೋಸ್, ಲ್ಯಾಕ್ಟೇಟ್, ಕೀಟೋನ್‌ಗಳಿಂದ (ಉಪವಾಸದಲ್ಲಿ ಲಿವರ್ ಕೊಬ್ಬಿನಿಂದ ಮಾಡುವ ಇಂಧನ ಕೀಟೋನ್). ಸಿಕ್ಕಿದ್ದನ್ನು ತಿನ್ನುವ ಸ್ವಭಾವ. ಆದರೆ ಏನು ಉರಿಸಬೇಕಾದರೂ ಆಮ್ಲಜನಕ ಬೇಕು. ಅದರಲ್ಲಿ ಮಾತ್ರ ಹೃದಯಕ್ಕೆ ಮೊದಲಿಂದಲೂ ಇಕ್ಕಟ್ಟು. ಬೇರೆ ಅಂಗಗಳು ರಕ್ತದಲ್ಲಿರುವ ಆಮ್ಲಜನಕದಲ್ಲಿ ಸ್ವಲ್ಪ ತಗೊಂಡು ಉಳಿದದ್ದನ್ನು ವಾಪಸ್ ಬಿಡುತ್ತವೆ. ಹೃದಯ, ನಾವು ಸುಮ್ಮನೆ ಕೂತಿದ್ದಾಗಲೇ, ತನಗೆ ಬಂದದ್ದರಲ್ಲಿ ಶೇ 70ಕ್ಕೂ ಹೆಚ್ಚು ಹೀರಿಕೊಂಡುಬಿಡುತ್ತದೆ. ಕಷ್ಟಕಾಲಕ್ಕೆ ಅಂತ ಇನ್ನಷ್ಟು ಹೀರಲು ಅಲ್ಲಿ ಉಳಿದಿರುವುದು ಕಡಿಮೆ. ಹೆಚ್ಚು ಆಮ್ಲಜನಕ ಬೇಕೆಂದರೆ ಹೆಚ್ಚು ರಕ್ತವೇ ಹರಿಯಬೇಕು. ಹಾರ್ಟ್ ಅಟ್ಯಾಕ್‌ನಲ್ಲಿ ನಿಂತುಹೋಗುವುದೇ ಆ ಹರಿವು.

ಇನ್ನೊಂದು ಸೂಕ್ಷ್ಮ ಇದೆ, ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ. ಅಷ್ಟೇ ಎಟಿಪಿ ಹುಟ್ಟಿಸಲು ಕೊಬ್ಬಿಗಿಂತ ಗ್ಲೂಕೋಸ್‌ಗೆ ಸುಮಾರು ಶೇ 10ರಷ್ಟು ಕಡಿಮೆ ಆಮ್ಲಜನಕ ಸಾಕು. ಮಾಮೂಲಿ ದಿನಗಳಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಇಲ್ಲ. ಆಮ್ಲಜನಕ ತೊಟ್ಟಿಕ್ಕುವ ಸ್ಥಿತಿಯಲ್ಲಿ ಇರಬಹುದು. ಆದರೆ ಕೊಬ್ಬು ಉರಿಯುತ್ತಿದ್ದರೆ ಜೀವಕೋಶ ಗ್ಲೂಕೋಸ್ ಒಲೆಯನ್ನು ತಾನೇ ಆರಿಸುತ್ತದೆ. 1963ರಲ್ಲಿ ಬ್ರಿಟನ್ನಿನ ಫಿಲಿಪ್ ರ‍್ಯಾಂಡಲ್ ಮತ್ತು ಜೊತೆಗಾರರು ಇದನ್ನು ವಿವರಿಸಿದರು. ಎರಡು ಒಲೆ ಒಟ್ಟಿಗೆ ಜೋರಾಗಿ ಉರಿಯುವುದಿಲ್ಲ.

ನಾಳ ಮುಚ್ಚಿದ ಮೇಲೆ

ಈಗ ಹೃದಯದ ಸ್ನಾಯುವಿಗೆ ರಕ್ತ ತರುವ ಒಂದು ಕೊರೊನರಿ ನಾಳದ ಒಳಗೆ ರಕ್ತ ಹೆಪ್ಪುಗಟ್ಟಿತು ಅಂದುಕೊಳ್ಳಿ. ಆ ನಾಳವನ್ನೇ ನಂಬಿಕೊಂಡ ಸ್ನಾಯುವಿನ ಒಂದು ತುಂಡಿಗೆ ರಕ್ತ ನಿಂತಿತು. ಕೆಲವೇ ಸೆಕೆಂಡುಗಳಲ್ಲಿ ಅಲ್ಲಿದ್ದ ಆಮ್ಲಜನಕ ಮುಗಿಯುತ್ತದೆ. ಒಂದು ನಿಮಿಷದೊಳಗೆ ಆ ಭಾಗ ಕುಗ್ಗುವುದನ್ನು ಬಿಟ್ಟುಬಿಡುತ್ತದೆ. ಸತ್ತಿಲ್ಲ, ಕೆಲಸ ನಿಲ್ಲಿಸಿದೆ. ಒಂದು ಲೆಕ್ಕಕ್ಕೆ ಇದು ಬುದ್ಧಿವಂತಿಕೆ, ಸಂಪಾದನೆ ನಿಂತಾಗ ಖರ್ಚು ನಿಲ್ಲಿಸಿದ ಹಾಗೆ.

ಆಮೇಲೆ ಅದು ತನ್ನೊಳಗೆ ಕೂಡಿಟ್ಟಿದ್ದ ಸಕ್ಕರೆಯನ್ನು ಆಮ್ಲಜನಕ ಇಲ್ಲದೆಯೇ ಒಡೆಯಲು ಶುರು ಮಾಡುತ್ತದೆ. ಆಮ್ಲಜನಕ ಇದ್ದಿದ್ದರೆ ಒಂದು ಗ್ಲೂಕೋಸ್ ಅಣುವಿನಿಂದ 30ರ ಆಸುಪಾಸು ಎಟಿಪಿ ಹುಟ್ಟುತ್ತಿತ್ತು. ಈಗ ಹುಟ್ಟುವುದು ಎರಡೋ ಮೂರೋ. ಜೊತೆಗೆ ಕಸವಾಗಿ ಆಮ್ಲ ಉಳಿಯುತ್ತದೆ. ರಕ್ತ ಹರಿಯುತ್ತಿಲ್ಲವಾದ್ದರಿಂದ ಆ ಕಸ ಎತ್ತುವವರೂ ಇಲ್ಲ. ಆಮ್ಲ ಏರಿದಂತೆ ಸಕ್ಕರೆ ಒಡೆಯುವ ಯಂತ್ರವೇ ಕಟ್ಟಿಕೊಳ್ಳುತ್ತದೆ. ಜೀವಕೋಶದ ಗೋಡೆಯಲ್ಲಿರುವ ಪಂಪುಗಳು ಸೋಲುತ್ತವೆ. ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹೊರಗಿರಬೇಕಾದ ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ. ಪೊಟ್ಯಾಸಿಯಂ ಸೋರಿದ ಜಾಗದಲ್ಲಿ ವಿದ್ಯುತ್ ಸಂಕೇತಗಳು ದಾರಿ ತಪ್ಪುತ್ತವೆ. ಹೃದಯ ಬಡಿಯುವ ಬದಲು ಅದುರತೊಡಗುತ್ತದೆ. ಆಸ್ಪತ್ರೆ ತಲುಪುವ ಮೊದಲೇ ಹೋಗುವವರಲ್ಲಿ ಬಹಳಷ್ಟು ಮಂದಿ ಹೋಗುವುದು ಹೀಗೆ.

1970ರ ದಶಕದಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಸಾವಿನ ವೇಳಾಪಟ್ಟಿಯನ್ನೇ ಕೊಟ್ಟಿತು. ನಾಳ ಮುಚ್ಚಿ ಸುಮಾರು 20 ನಿಮಿಷದವರೆಗೆ ಸ್ನಾಯುವನ್ನು ಪೂರ್ತಿ ಉಳಿಸಿಕೊಳ್ಳಬಹುದು. ಆಮೇಲೆ ಒಳಪದರದಿಂದ ಸಾವು ಶುರುವಾಗಿ, ಅಲೆಯ ಹಾಗೆ ಹೊರಗಿನ ಪದರದ ಕಡೆ ಗಂಟೆಗಟ್ಟಲೆ ಸಾಗುತ್ತದೆ. ಮನುಷ್ಯರಲ್ಲಿ ಪಕ್ಕದ ನಾಳಗಳಿಂದ ಸ್ವಲ್ಪ ರಕ್ತ ಜಿನುಗಿ ಬಂದರೆ ಈ ಅಲೆ ನಿಧಾನವಾಗುತ್ತದೆ.

ಇಷ್ಟರ ನಡುವೆ ದೇಹದ ಉಳಿದ ಭಾಗ ಗಾಬರಿಯಾಗಿದೆ. ನೋವು, ಭಯ, ಬೆವರು. ಅಡ್ರಿನಲಿನ್ ಉಕ್ಕುತ್ತದೆ. ಅದು ಮೈಯ ಕೊಬ್ಬನ್ನು ಕರಗಿಸಿ ಕೊಬ್ಬಿನ ಆಮ್ಲಗಳನ್ನು ರಕ್ತಕ್ಕೆ ಸುರಿಯುತ್ತದೆ. ಸಕ್ಕರೆಯನ್ನೂ ಏರಿಸುತ್ತದೆ. ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಅಂದರೆ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತಿನಲ್ಲೇ, ಆಮ್ಲಜನಕ ಜಾಸ್ತಿ ಬೇಡುವ ಸೌದೆ ಹೃದಯದ ಬಾಗಿಲಿಗೆ ರಾಶಿ ಬೀಳುತ್ತದೆ. ರಕ್ತದಲ್ಲಿ ಕೊಬ್ಬಿನ ಆಮ್ಲ ಹೆಚ್ಚಿದ್ದ ರೋಗಿಗಳಲ್ಲಿ ಬಡಿತದ ಏರುಪೇರು ಹೆಚ್ಚು ಅಂತ 1968ರಲ್ಲೇ ಮೈಕೆಲ್ ಆಲಿವರ್ ಎಂಬ ಎಡಿನ್‌ಬರೋ ವೈದ್ಯರು ಮತ್ತು ಅವರ ತಂಡ ಬರೆದಿದ್ದರು.

ಮೆಕ್ಸಿಕೋದಿಂದ ಬಂದ ಬಾಟಲಿ

ಹಾಗಾದರೆ ಗ್ಲೂಕೋಸ್, ಅದನ್ನು ಜೀವಕೋಶದೊಳಗೆ ತಳ್ಳಲು ಇನ್ಸುಲಿನ್, ಸೋರಿಹೋದದ್ದನ್ನು ತುಂಬಲು ಪೊಟ್ಯಾಸಿಯಂ, ಮೂರನ್ನೂ ಒಂದೇ ಡ್ರಿಪ್‌ನಲ್ಲಿ ಕೊಟ್ಟರೆ? 1962ರಲ್ಲಿ ಮೆಕ್ಸಿಕೋದ ಸೋಡಿ-ಪಲ್ಲಾರೆಸ್ ಇದನ್ನು ಪ್ರಚಾರಕ್ಕೆ ತಂದರು. ಮೂರು ಹೆಸರುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಅದನ್ನು ಜಿಐಕೆ ಅನ್ನುತ್ತಾರೆ. ಇನ್ಸುಲಿನ್‌ಗೆ ಇಲ್ಲಿ ಇನ್ನೊಂದು ಕೆಲಸವೂ ಇದೆ. ಅದು ಕೊಬ್ಬು ಕರಗುವುದನ್ನು ತಡೆದು ರಕ್ತದಲ್ಲಿ ಕೊಬ್ಬಿನ ಆಮ್ಲಗಳನ್ನು ಇಳಿಸುತ್ತದೆ.

ತರ್ಕ ಚೆನ್ನಾಗಿದೆ, ಅಲ್ವಾ? ಖರ್ಚೂ ಕಡಿಮೆ. ಮೂರೂ ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ವಸ್ತು. ಸ್ಟೆಂಟ್‌ಗೆ ದುಡ್ಡಿಲ್ಲದ ದೇಶಗಳಿಗೆ ಇದು ವರವಾಗಬಹುದಿತ್ತು. 1997ರಲ್ಲಿ ಇಬ್ಬರು ಸಂಶೋಧಕರು ಹಳೆಯ ಒಂಬತ್ತು ಸಣ್ಣ ಪ್ರಯೋಗಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದರು. ಒಟ್ಟು 1,932 ರೋಗಿಗಳು. ಡ್ರಿಪ್ ಪಡೆದವರಲ್ಲಿ ಸಾವು ಶೇ 16.1, ಪಡೆಯದವರಲ್ಲಿ ಶೇ 21. ಆಸೆ ಚಿಗುರಿತು.

ಆದರೆ ಆ ಪ್ರಯೋಗಗಳಲ್ಲಿ ಹೆಚ್ಚಿನವು ಹೆಪ್ಪು ಕರಗಿಸುವ ಇಂಜೆಕ್ಷನ್ ಬರುವ ಮೊದಲಿನವು. ಸಣ್ಣ ಪ್ರಯೋಗಗಳಲ್ಲಿ ಒಳ್ಳೆಯ ಫಲ ಬಂದರೆ ಅದು ಅಚ್ಚಾಗುತ್ತದೆ, ಬರದಿದ್ದರೆ ಬೀರುವಿನಲ್ಲಿ ಉಳಿಯುತ್ತದೆ ಅನ್ನುವ ಅನುಮಾನವೂ ಇತ್ತು. ದೊಡ್ಡ ಪರೀಕ್ಷೆ ಬೇಕಿತ್ತು.

ಬೆಂಗಳೂರಿನವರ ಕೈವಾಡ

ಆ ದೊಡ್ಡ ಪರೀಕ್ಷೆಯ ಹೆಸರು ಕ್ರಿಯೇಟ್-ಎಕ್ಲಾ. ಭಾರತ, ಚೀನಾ, ಪಾಕಿಸ್ತಾನ, ದಕ್ಷಿಣ ಅಮೆರಿಕದ ದೇಶಗಳು ಸೇರಿ 20,201 ರೋಗಿಗಳು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಇದನ್ನು ನಡೆಸಿದವರಲ್ಲಿ ಸಲೀಂ ಯೂಸುಫ್ ಒಬ್ಬರು. ಅವರು ಎಂಬಿಬಿಎಸ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಅದೇ ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್ ಮತ್ತು ಡೆನಿಸ್ ಝೇವಿಯರ್ ಕೂಡ ವರದಿಯ ಲೇಖಕರು.

2005ರಲ್ಲಿ ಫಲಿತಾಂಶ ಬಂತು. 30 ದಿನಗಳಲ್ಲಿ ಸತ್ತವರು: ಡ್ರಿಪ್ ಇಲ್ಲದವರಲ್ಲಿ ಶೇ 9.7, ಡ್ರಿಪ್ ಪಡೆದವರಲ್ಲಿ ಶೇ 10. ಲಾಭವೂ ಇಲ್ಲ, ಒಟ್ಟಾರೆ ನಷ್ಟವೂ ಇಲ್ಲ.

ಯಾಕೆ ಹೀಗಾಯಿತು ಅನ್ನುವುದನ್ನು ನಿಂತು ನೋಡಬೇಕು. ಮೊದಲ ಕಾರಣ ಹರಿವು. ಸಿಲ್ಕ್ ಬೋರ್ಡ್‌ನಲ್ಲಿ ರಸ್ತೆ ಬಂದ್ ಆಗಿದ್ದರೆ ಕೆ.ಆರ್. ಮಾರ್ಕೆಟ್‌ನಿಂದ ಇನ್ನೊಂದು ಲಾರಿ ತರಕಾರಿ ಹೊರಡಿಸಿ ಬೊಮ್ಮನಹಳ್ಳಿಯ ಅಡುಗೆಮನೆಗೆ ಏನು ಬಂತು? ರಕ್ತದಲ್ಲಿ ಗ್ಲೂಕೋಸ್‌ಗೆ ಮೊದಲೂ ಕೊರತೆ ಇರಲಿಲ್ಲ. ಈ ರೋಗಿಗಳು ಬಂದಾಗಲೇ ಅವರ ಸಕ್ಕರೆ ಸರಾಸರಿ 162 ಇತ್ತು. ಪೂರ್ತಿ ಮುಚ್ಚಿದ ನಾಳದಾಚೆಗೆ ಅದು ತಲುಪುತ್ತಿರಲಿಲ್ಲ, ಅಷ್ಟೇ. ಎರಡನೆಯದು ಹೊತ್ತು. ಲಕ್ಷಣ ಶುರುವಾಗಿ 12 ಗಂಟೆಯೊಳಗೆ ಬಂದವರನ್ನೆಲ್ಲ ಸೇರಿಸಿಕೊಂಡಿದ್ದರು. ಹಲವರಲ್ಲಿ ಸಾವಿನ ಅಲೆ ಆಗಲೇ ಬಹುದೂರ ಹೋಗಿತ್ತು. ಮೂರನೆಯದು ಬಾಟಲಿಯ ಒಳಗೇ ಇತ್ತು. ಶೇ 25ರ ಗಾಢ ಗ್ಲೂಕೋಸ್ ದ್ರಾವಣ, ದಿನಪೂರ್ತಿ. ಆರು ಗಂಟೆ ಆಗುವ ಹೊತ್ತಿಗೆ ಡ್ರಿಪ್ ಪಡೆದವರ ಸಕ್ಕರೆ 187ಕ್ಕೆ ಏರಿತ್ತು. ಪಡೆಯದವರಲ್ಲಿ ಅದು ತಾನಾಗಿಯೇ 148ಕ್ಕೆ ಇಳಿದಿತ್ತು. ಶಕ್ತಿ ಅಂತ ಕೊಟ್ಟದ್ದರಲ್ಲಿ ಒಂದಿಷ್ಟು ರಕ್ತದಲ್ಲೇ ಕೂತಿತ್ತು. ದುರ್ಬಲ ಹೃದಯಕ್ಕೆ ಅಷ್ಟು ನೀರನ್ನು ತಳ್ಳುವುದೂ ಭಾರ.

2007ರಲ್ಲಿ ಇನ್ನೊಂದು ಪ್ರಯೋಗದ ರೋಗಿಗಳನ್ನೂ ಸೇರಿಸಿ 22,943 ಜನರ ಲೆಕ್ಕ ಬಂತು. ಅದರಲ್ಲಿ ಮೊದಲ ಮೂರು ದಿನ ಡ್ರಿಪ್ ಪಡೆದವರಲ್ಲೇ ಸಾವು ಜಾಸ್ತಿ ಕಂಡಿತು. ಆಮೇಲೆ ಕಡಿಮೆ. ಏರಿದ ಸಕ್ಕರೆ, ಏರಿದ ಪೊಟ್ಯಾಸಿಯಂ, ಜಾಸ್ತಿಯಾದ ನೀರು ಮೊದಲ ದಿನಗಳ ಹಾನಿಗೆ ಕಾರಣ ಇರಬಹುದು ಅನ್ನುವುದು ಸಂಶೋಧಕರ ಊಹೆ.

ಎಮರ್ಜೆನ್ಸಿಯಲ್ಲಿ ವೈದ್ಯರು ಗ್ಲೂಕೋಸ್ ಏರಿಸದೆ ಇರುವುದಕ್ಕೆ ಉದಾಸೀನ ಕಾರಣವಲ್ಲ ಅನ್ನುವುದು ಇಲ್ಲಿಗೆ ಗೊತ್ತಾಗಿರಬೇಕು. ಜ್ವರ, ಭೇದಿಯ ಸುಸ್ತಿಗೆ ಕೆಲಸ ಮಾಡುವ ಬಾಟಲಿ ಈ ಸುಸ್ತಿಗೆ ಕೆಲಸ ಮಾಡುವುದಿಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ

ಒಂದು ಪಾಳಯ ಹೇಳುವುದು ಇಷ್ಟು: 20 ಸಾವಿರ ಜನರ ಮೇಲೆ ನೋಡಿಯಾಯಿತು, ಬಿಡಿ. ಇನ್ನೊಂದು ಪಾಳಯದ ವಾದ: ನೀವು ನೋಡಿದ್ದು ತಡವಾಗಿ ಕೊಟ್ಟ ಡ್ರಿಪ್ಪನ್ನು. ಬೇಗ ಕೊಟ್ಟು ನೋಡಿ.

ಅಮೆರಿಕದ ಬಾಸ್ಟನ್‌ನ ಹ್ಯಾರಿ ಸೆಲ್ಕರ್ ಎರಡನೇ ಪಾಳಯದವರು. ಅವರ ತಂಡ ಡ್ರಿಪ್ಪನ್ನು ಆಸ್ಪತ್ರೆಯಿಂದ ಆಂಬುಲೆನ್ಸ್‌ಗೆ ಸಾಗಿಸಿತು. ಈ ಪ್ರಯೋಗದ ಹೆಸರೇ ‘ಇಮ್ಮೀಡಿಯೆಟ್’. ಆಂಬುಲೆನ್ಸ್ ಸಿಬ್ಬಂದಿ ರೋಗಿಯ ಬಳಿಯೇ ಇಸಿಜಿ ತೆಗೆದು, ಕಂಪ್ಯೂಟರ್ ನೆರವಿನಿಂದ ಹಾರ್ಟ್ ಅಟ್ಯಾಕ್ ಸಾಧ್ಯತೆ ಅಂದಾಜು ಮಾಡಿ, ಅಲ್ಲೇ ಡ್ರಿಪ್ ಶುರು ಮಾಡುತ್ತಿದ್ದರು. ನೋವು ಶುರುವಾದ ಸುಮಾರು 90 ನಿಮಿಷಕ್ಕೆ ಔಷಧ ಮೈಗೆ ಹೋಗುತ್ತಿತ್ತು. ಹೀಗೆ 871 ರೋಗಿಗಳು.

2012ರಲ್ಲಿ ಬಂದ ಫಲಿತಾಂಶ ಎರಡೂ ಪಾಳಯಕ್ಕೆ ಒಂದೊಂದು ತುತ್ತು ಕೊಟ್ಟಿತು. ಮುಖ್ಯ ಪ್ರಶ್ನೆ, ಅಂದರೆ ಹಾರ್ಟ್ ಅಟ್ಯಾಕ್ ಆಗುವುದನ್ನೇ ತಡೆಯಿತಾ ಅನ್ನುವುದಕ್ಕೆ ಉತ್ತರ: ತಡೆಯಲಿಲ್ಲ. ಆದರೆ ಹೃದಯ ನಿಂತುಹೋಗುವುದು ಅಥವಾ ಆಸ್ಪತ್ರೆಯಲ್ಲಿ ಸಾವು, ಎರಡನ್ನೂ ಸೇರಿಸಿ ನೋಡಿದರೆ ಡ್ರಿಪ್ ಇಲ್ಲದವರಲ್ಲಿ ಶೇ 8.7, ಪಡೆದವರಲ್ಲಿ ಶೇ 4.4.

ಸಂಶಯದವರು ಕೇಳುವುದು ನ್ಯಾಯವೇ. ಮುಖ್ಯ ಪರೀಕ್ಷೆಯಲ್ಲಿ ಫೇಲಾಗಿ ಪಕ್ಕದ ಪ್ರಶ್ನೆಯಲ್ಲಿ ಪಾಸಾದರೆ ಅದನ್ನು ಪಾಸು ಅನ್ನಬಹುದಾ? 871 ಜನ ಎಲ್ಲಿ, 20,201 ಜನ ಎಲ್ಲಿ? ಆದರೆ ಎದುರು ಪಾಳಯದ ಕಾರ್ಯಕಾರಣ ಸರಪಳಿಯಲ್ಲೂ ಹುರುಳಿದೆ. ಪೊಟ್ಯಾಸಿಯಂ ಸೋರಿಕೆ, ಕೊಬ್ಬಿನ ಆಮ್ಲದ ಪ್ರವಾಹ, ಬಡಿತ ತಪ್ಪುವುದು, ಇವೆಲ್ಲ ಮೊದಲ ಒಂದೆರಡು ಗಂಟೆಯ ಘಟನೆಗಳು. ಇನ್ಸುಲಿನ್-ಪೊಟ್ಯಾಸಿಯಂ ಕೆಲಸ ಮಾಡುವುದಾದರೆ ಆಗಲೇ ಮಾಡಬೇಕು. ನಾಳ ಅರೆಮುಚ್ಚಿ ಸ್ವಲ್ಪ ರಕ್ತ ಜಿನುಗುತ್ತಿದ್ದರೆ ಗ್ಲೂಕೋಸ್ ತಲುಪುತ್ತದೆ, ಆಮ್ಲದ ಕಸವೂ ತೊಳೆದುಹೋಗುತ್ತದೆ. ಈ ಲೇಖನದ ಅಭಿಪ್ರಾಯ ಕೇಳಿದರೆ: ಐಡಿಯಾ ಸತ್ತಿಲ್ಲ. ಆದರೆ ಇವತ್ತು ಚಿಕಿತ್ಸೆಯಾಗಿ ಬಳಸುವಷ್ಟು ಪುರಾವೆಯೂ ಇಲ್ಲ.

ಗಾಳಿ ಹಾಕಲೇ ಇಲ್ಲ ಅನ್ನುವ ದೂರು

ಆಮ್ಲಜನಕದ ಕೊರತೆಯೇ ಮೂಲ ಅಂದಮೇಲೆ ಮೂಗಿಗೆ ಮಾಸ್ಕ್ ಹಾಕಬೇಕಲ್ಲ? ದಶಕಗಳ ಕಾಲ ಹಾಗೇ ಹಾಕುತ್ತಿದ್ದರು. 2017ರಲ್ಲಿ ಸ್ವೀಡನ್‌ನಲ್ಲಿ 6,629 ಜನರ ಮೇಲೆ ನೋಡಿದರು. ರಕ್ತದಲ್ಲಿ ಆಮ್ಲಜನಕ ಸರಿಯಾಗಿದ್ದವರಿಗೆ ಮಾಸ್ಕ್‌ನಿಂದ ಏನೂ ವ್ಯತ್ಯಾಸವಾಗಲಿಲ್ಲ. ಒಂದು ವರ್ಷದೊಳಗೆ ಸತ್ತವರು ಮಾಸ್ಕ್ ಹಾಕಿದವರಲ್ಲಿ ಶೇ 5, ಹಾಕದವರಲ್ಲಿ ಶೇ 5.1. ಆಸ್ಟ್ರೇಲಿಯಾದ ಇನ್ನೊಂದು ಚಿಕ್ಕ ಪ್ರಯೋಗದಲ್ಲಿ ಸುಮ್ನೆ ಆಮ್ಲಜನಕ ಪಡೆದವರ ಹೃದಯದ ಗಾಯ ದೊಡ್ಡದಾಗಿಯೇ ಕಂಡಿತು. ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ನಾಳಗಳನ್ನು ಸಂಕುಚಿಸುತ್ತದೆ. ಈಗ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ಮಾತ್ರ ಮಾಸ್ಕ್. ಕೋವಿಡ್ ಕಾಲದಲ್ಲಿ ಸಿಲಿಂಡರ್‌ಗಾಗಿ ಬೆಂಗಳೂರೆಲ್ಲ ಅಲೆದವರಿಗೆ ಇದು ಒಪ್ಪಲು ಕಷ್ಟ. ಆದರೆ ಅದು ಶ್ವಾಸಕೋಶದ ತೊಂದರೆ, ಇದು ನಾಳದ್ದು.

“ಆಸ್ಪತ್ರೆಯಲ್ಲೇ ಶುಗರ್ ಬಂತು”

ಹಾರ್ಟ್ ಅಟ್ಯಾಕ್ ದಿನ ಸಕ್ಕರೆ 200 ದಾಟಿತ್ತು, ಅಲ್ಲಿವರೆಗೆ ಅವರಿಗೆ ಶುಗರ್ ಇರಲೇ ಇಲ್ಲ ಅನ್ನುವ ಮಾತು ಸಾಮಾನ್ಯ. ಅಡ್ರಿನಲಿನ್ ಹೇಗೆ ಸಕ್ಕರೆ ಏರಿಸುತ್ತದೆ ಅಂತ ಮೇಲೆ ನೋಡಿದೆವು. ಕೆಲವರಲ್ಲಿ ಅದು ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ. ಕೆಲವರಲ್ಲಿ ಶುಗರ್ ಮೊದಲೇ ಇತ್ತು, ಪರೀಕ್ಷೆ ಮಾಡಿಸಿರಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತದೆ.

ಇದನ್ನು ಇನ್ಸುಲಿನ್‌ನಿಂದ ಬಿಗಿಯಾಗಿ ಹಿಡಿದಿಡಬೇಕಾ ಅನ್ನುವುದರಲ್ಲೂ ಅಭಿಪ್ರಾಯ ತಿರುಗಿದೆ. 1995ರಲ್ಲಿ ಸ್ವೀಡನ್‌ನ 620 ರೋಗಿಗಳ ಪ್ರಯೋಗ ಹೌದು ಅಂದಿತು. 2005ರಲ್ಲಿ ಅದೇ ತಂಡ 1,253 ಜನರಲ್ಲಿ ಮತ್ತೆ ನೋಡಿದಾಗ ಲಾಭ ಕಾಣಲಿಲ್ಲ. 2009ರಲ್ಲಿ ಐಸಿಯು ರೋಗಿಗಳ ದೊಡ್ಡ ಪ್ರಯೋಗ ಬಂತು, 6,104 ಜನ. ಸಕ್ಕರೆಯನ್ನು ತೀರಾ ಬಿಗಿ ಹಿಡಿದವರಲ್ಲೇ ಸಾವು ಜಾಸ್ತಿ. ಸಕ್ಕರೆ ಕುಸಿದರೆ ಹೃದಯಕ್ಕೆ ಇನ್ನೊಂದು ಪೆಟ್ಟು. ಹಾಗಾಗಿ ಈಗ 180ರ ಆಸುಪಾಸು ದಾಟಿದರೆ ಇನ್ಸುಲಿನ್ ಶುರು ಮಾಡುತ್ತಾರೆ, ತೀರಾ ಕೆಳಗೆ ಎಳೆಯುವುದಿಲ್ಲ.

ಮನೆಗೆ ಬಂದ ಮೇಲಿನ ಚೀಟಿ

ನಾಳ ತೆರೆದ ಕೂಡಲೇ ಸ್ನಾಯು ಎದ್ದು ಕೂರುವುದಿಲ್ಲ. ಬದುಕಿ ಉಳಿದ ಭಾಗವೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮಂಕಾಗಿರುತ್ತದೆ. ಎಕೋದಲ್ಲಿ ಪಂಪಿಂಗ್ ಶೇ 35 ಅಂತ ಬಂದು, ಎರಡು ಮೂರು ತಿಂಗಳ ಮೇಲೆ ಶೇ 45 ಆಗುವುದು ಇದಕ್ಕೇ. ಈ ಅವಧಿಯಲ್ಲಿ ‘ಹೃದಯಕ್ಕೆ ಶಕ್ತಿ’ ಕೊಡುವ ಮಾತ್ರೆಗಳ ಮಾರುಕಟ್ಟೆ ಬಾಗಿಲು ತೆರೆಯುತ್ತದೆ.

ಟ್ರೈಮೆಟಾಜಿಡಿನ್ ಅವುಗಳಲ್ಲಿ ಹಳೆಯದು. ನಮ್ಮಲ್ಲಿ ಚೆನ್ನಾಗಿಯೇ ಓಡುತ್ತದೆ. ಕೊಬ್ಬು ಉರಿಸುವ ಒಲೆಯನ್ನು ತಗ್ಗಿಸಿ ಗ್ಲೂಕೋಸ್ ಕಡೆ ಹೃದಯವನ್ನು ವಾಲಿಸುವುದು ಅದರ ಕೆಲಸ. ರಷ್ಯಾದ ಸ್ಕೇಟಿಂಗ್ ಹುಡುಗಿ ಕಮಿಲಾ ವಲಿಯೇವಾ 2022ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿನಲ್ಲಿ ಡೋಪಿಂಗ್ ವಿವಾದದಲ್ಲಿ ಸಿಕ್ಕಿಬಿದ್ದದ್ದು ಇದೇ ಔಷಧದಿಂದ. ಅಜ್ಜನ ಹೃದಯದ ಮಾತ್ರೆ ಹೇಗೋ ಸೇರಿಕೊಂಡಿತು ಅಂತ ಅವಳ ಕಡೆಯವರು ವಾದಿಸಿದ್ದರು. ಕ್ರೀಡಾಪಟುಗಳಿಗೆ ನಿಷೇಧಿಸುವಷ್ಟು ಹೆಸರು ಮಾಡಿದ ಈ ಮಾತ್ರೆ ಆಂಜಿಯೋಪ್ಲಾಸ್ಟಿ ಆದವರಿಗೆ ಎಷ್ಟು ಸಹಾಯ ಮಾಡಿತು? 2020ರಲ್ಲಿ 6,007 ರೋಗಿಗಳ ಪ್ರಯೋಗದ ಉತ್ತರ: ಮಾಮೂಲಿ ಔಷಧಗಳ ಮೇಲೆ ಇದನ್ನು ಸೇರಿಸಿದರೆ ಏನೂ ವ್ಯತ್ಯಾಸವಿಲ್ಲ. ಎದೆನೋವು ಬೇರೆ ಮಾತ್ರೆಗಳಿಗೆ ಬಗ್ಗದವರಿಗೆ ಕೊಡಬಹುದು. ವಯಸ್ಸಾದವರಲ್ಲಿ ಕೈನಡುಕ, ಮೈ ಬಿಗಿತ ಬರಿಸಬಹುದು ಅಂತ 2012ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ.

ಎಲ್-ಕಾರ್ನಿಟಿನ್ ಕೊಬ್ಬನ್ನು ಉರಿಯುವ ಜಾಗಕ್ಕೆ ಸಾಗಿಸುವ ವಸ್ತು. 2006ರಲ್ಲಿ 2,330 ಹಾರ್ಟ್ ಅಟ್ಯಾಕ್ ರೋಗಿಗಳ ಮೇಲೆ ನೋಡಿದಾಗ ಆರು ತಿಂಗಳಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಕೋಎಂಜೈಮ್ ಕ್ಯೂ10 ಪರವಾಗಿ ಹೇಳುವವರು ತೋರಿಸುವುದು 2014ರ 420 ಜನರ ಪ್ರಯೋಗವನ್ನು. ಫಲ ಚೆನ್ನಾಗಿತ್ತು. ಆದರೆ ಅದು ದೀರ್ಘಕಾಲದ ಹೃದಯ ವೈಫಲ್ಯದವರ, ಅಂದರೆ ಹೃದಯದ ಪಂಪಿಂಗ್ ಸೋತವರ ಮೇಲೆ ನಡೆದದ್ದು, ಹಾರ್ಟ್ ಅಟ್ಯಾಕ್ ಆದವರ ಮೇಲಲ್ಲ. ಸಂಖ್ಯೆಯೂ ಸಣ್ಣದು. ಈ ಕ್ಯಾಪ್ಸೂಲ್‌ಗಳ ನಿಜವಾದ ಅಪಾಯ ಬೇರೆ ಕಡೆ ಇದೆ. ತಿಂಗಳ ಕೊನೆಯಲ್ಲಿ ದುಡ್ಡು ಸಾಲದಾದಾಗ ಜನ ಬಿಡುವುದು ಶಕ್ತಿಯ ಕ್ಯಾಪ್ಸೂಲನ್ನಲ್ಲ. “ರಕ್ತ ತೆಳು ಮಾಡೋ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಎಷ್ಟು ದಿನ ಅಂತ ನುಂಗೋದು” ಅಂತ ಅವನ್ನೇ ನಿಲ್ಲಿಸುತ್ತಾರೆ. ಸ್ಟೆಂಟ್ ಹಾಕಿದ ಹೊಸದರಲ್ಲಿ ಹಾಗೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು.

ಶುಗರ್ ಮಾತ್ರೆಯ ಒಗಟು

ಎಂಪಾಗ್ಲಿಫ್ಲೋಜಿನ್ ಮತ್ತು ಅದರ ಸೋದರ ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಮಾತ್ರೆಗಳು. 2015ರಲ್ಲಿ 7,020 ಸಕ್ಕರೆ ರೋಗಿಗಳ ಪ್ರಯೋಗದಲ್ಲಿ ಎಂಪಾಗ್ಲಿಫ್ಲೋಜಿನ್ ಹೃದಯ ಸಂಬಂಧಿ ಸಾವನ್ನು ಶೇ 38ರಷ್ಟು ಇಳಿಸಿತು. ಯಾರೂ ಇಷ್ಟು ನಿರೀಕ್ಷಿಸಿರಲಿಲ್ಲ. 2019ರಲ್ಲಿ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದವರಿಗೂ ಲಾಭ ಕೊಟ್ಟಿತು. ಶುಗರ್ ಇಲ್ಲದವರ ಚೀಟಿಗೆ ಇವು ಬಂದ ದಾರಿ ಇದು.

ಯಾಕೆ ಕೆಲಸ ಮಾಡುತ್ತವೆ ಅನ್ನುವುದಕ್ಕೆ ಒಂದು ವಿವರಣೆ ಮತ್ತೆ ಇಂಧನದ್ದೇ. ಸಕ್ಕರೆ ಹೊರಗೆ ಹೋದಂತೆ ದೇಹ ತಾನು ಅರೆ ಉಪವಾಸದಲ್ಲಿದ್ದೇನೆ ಅಂದುಕೊಳ್ಳುತ್ತದೆ. ಇನ್ಸುಲಿನ್ ಇಳಿಯುತ್ತದೆ, ಲಿವರ್ ಕೀಟೋನ್ ಮಾಡುತ್ತದೆ. ಸೋತ ಹೃದಯಕ್ಕೆ ಕೀಟೋನ್ ಇಷ್ಟದ ಊಟ. 2016ರಲ್ಲಿ ಈ ಊಹೆ ಬಂದಾಗಿನಿಂದ ಬಹಳ ಜನಪ್ರಿಯ. ಆದರೆ ಇದೇ ಮಾತ್ರೆ ಉಪ್ಪು ನೀರನ್ನೂ ಹೊರಹಾಕಿ ಹೃದಯದ ಹೊರೆ ಇಳಿಸುತ್ತದೆ. ಲಾಭದಲ್ಲಿ ಯಾವುದರ ಪಾಲು ಎಷ್ಟು ಅನ್ನುವುದು ಇತ್ಯರ್ಥವಾಗಿಲ್ಲ. ಏಕಾದಶಿ ಉಪವಾಸದ ಲಾಭಕ್ಕೆ ಇದನ್ನು ಪುರಾವೆ ಮಾಡಿಕೊಂಡು ವಾಟ್ಸಾಪ್‌ನಲ್ಲಿ ಹಂಚುವವರು ಸ್ವಲ್ಪ ತಾಳಬೇಕು.

ಹಾರ್ಟ್ ಅಟ್ಯಾಕ್ ಆದ ಕೂಡಲೇ ಕೊಟ್ಟರೆ? 2024ರಲ್ಲಿ, ಹೃದಯ ವೈಫಲ್ಯದ ಅಪಾಯ ಹೆಚ್ಚಿದ್ದ 6,522 ರೋಗಿಗಳ ಪ್ರಯೋಗ ಇದನ್ನೇ ಕೇಳಿತು. ಎರಡು ವಾರದೊಳಗೆ ಎಂಪಾಗ್ಲಿಫ್ಲೋಜಿನ್ ಶುರು ಮಾಡಿದರು. ಸಾವು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದು, ಎರಡೂ ಸೇರಿ ಮಾತ್ರೆ ಪಡೆದವರಲ್ಲಿ ಶೇ 8.2, ಪಡೆಯದವರಲ್ಲಿ ಶೇ 9.1. ಈ ಅಂತರ ಆಕಸ್ಮಿಕವೂ ಇರಬಹುದು. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದೊಂದನ್ನೇ ನೋಡಿದರೆ ಅದು ಶೇ 4.7ರಿಂದ ಶೇ 3.6ಕ್ಕೆ ಇಳಿಯಿತು. ಅಂದರೆ ಪಂಪಿಂಗ್ ಕುಸಿದವರಿಗೆ, ಶುಗರ್ ಇರುವವರಿಗೆ ಈ ಮಾತ್ರೆಗೆ ಗಟ್ಟಿ ಕಾರಣ ಇದೆ. ಹೃದಯ ಚೆನ್ನಾಗಿಯೇ ಉಳಿದವರಿಗೆ ಅಷ್ಟು ಗಟ್ಟಿ ಕಾರಣ ಇಲ್ಲ.

ಬೆಲೆ ಇಳಿದದ್ದರಿಂದ ಎರಡು ಪರಿಣಾಮ ಆಗುತ್ತದೆ. ನಿಜವಾಗಿ ಬೇಕಾದ ಬಡವರಿಗೆ ಇದು ಕೈಗೆಟುಕುತ್ತದೆ. ಅಗ್ಗವಾಯಿತು ಅನ್ನುವ ಕಾರಣಕ್ಕೇ ಬೇಡದವರ ಚೀಟಿಗೂ ಹತ್ತುತ್ತದೆ. ಮೂತ್ರದ ಜಾಗದಲ್ಲಿ ಸೋಂಕು ಬರಬಹುದು. ಅಪರೂಪಕ್ಕೆ ಕೀಟೋನ್ ಮಿತಿಮೀರಿ ಏರಬಹುದು. ಊಟ ಬಿಟ್ಟಾಗ, ವಾಂತಿಭೇದಿ ಆದಾಗ, ಆಪರೇಷನ್‌ಗೆ ಮೊದಲು ವೈದ್ಯರನ್ನು ಕೇಳಿ ನಿಲ್ಲಿಸಬೇಕಾದ ಮಾತ್ರೆ ಇದು.

ಖರ್ಚು ಇಳಿಸುವುದೂ ಆರೈಕೆಯೇ

ಊಟದ ಮಾತಿನಲ್ಲಿ ಇನ್ನೊಂದು ಕಡೆ ಮರೆತುಹೋಗುತ್ತದೆ. ತುತ್ತು ತಲುಪದಿದ್ದಾಗ ಹೃದಯದ ಖರ್ಚನ್ನಾದರೂ ಇಳಿಸಬಹುದು. ಎದೆ ಹಿಡಿದ ಮನುಷ್ಯ ಮೂರನೇ ಮಹಡಿಯಿಂದ ಮೆಟ್ಟಿಲು ಇಳಿದು, ಸ್ಕೂಟರ್ ಒದ್ದು, ಹೊರ ವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ತಾನೇ ಓಡಿಸಿಕೊಂಡು ಆಸ್ಪತ್ರೆಗೆ ಹೋದರೆ ಹಸಿದ ಸ್ನಾಯುವಿನಿಂದ ದುಪ್ಪಟ್ಟು ಕೆಲಸ ತೆಗೆದಂತೆ. ಅಲ್ಲಾಡದೆ ಕೂತು 108ಕ್ಕೆ ಫೋನ್ ಮಾಡುವುದು ಅದೇ ಸ್ನಾಯುವಿಗೆ ನಿಮಿಷಗಳನ್ನು ಉಳಿಸಿಕೊಡುತ್ತದೆ. ಬಡಿತದ ವೇಗ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಗಳ ಹಿಂದಿರುವುದೂ ಇದೇ ಲೆಕ್ಕ.

ಎಲ್ಲಕ್ಕಿಂತ ದೊಡ್ಡ ಆರೈಕೆ ನಾಳ ತೆರೆಯುವುದು. ರಕ್ತ ಹರಿದರೆ ಗ್ಲೂಕೋಸ್, ಕೊಬ್ಬು, ಆಮ್ಲಜನಕ ಎಲ್ಲವೂ ತಾವಾಗಿ ಬರುತ್ತವೆ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ತತ್ವದ ಮೇಲೇ ನಿಂತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಜಯದೇವದಂಥ ಕೇಂದ್ರ ಆಸ್ಪತ್ರೆಯ ತಜ್ಞರು ದೂರದಿಂದಲೇ ಅದನ್ನು ನೋಡುತ್ತಾರೆ. ನಾಳ ಮುಚ್ಚಿದ್ದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಜಿಐಕೆ ಡ್ರಿಪ್ ಮುಂದೆಂದಾದರೂ ಗೆದ್ದರೆ ಅದು ಬರಬೇಕಾದ ಜಾಗವೂ ಇದೇ ಆಂಬುಲೆನ್ಸ್ ಮತ್ತು ತಾಲ್ಲೂಕು ಆಸ್ಪತ್ರೆ. ಅದಕ್ಕೆ ಮೊದಲು ಆಂಬುಲೆನ್ಸಿನಲ್ಲಿ ಇಸಿಜಿ ಇರಬೇಕು, ಅದನ್ನು ಓದುವವರು ಇನ್ನೊಂದು ತುದಿಯಲ್ಲಿ ಎಚ್ಚರ ಇರಬೇಕು.

ಅಮೆರಿಕದ ಪ್ರಯೋಗದಲ್ಲಿ ಔಷಧ ಶುರುವಾದದ್ದು ಸುಮಾರು 90ನೇ ನಿಮಿಷಕ್ಕೆ. ನಮ್ಮಲ್ಲಿ ಇದೇ ಸೇಂಟ್ ಜಾನ್ಸ್ ತಂಡ ದೇಶದ 50 ನಗರಗಳ 20,468 ರೋಗಿಗಳ ಲೆಕ್ಕ ತೆಗೆದು 2008ರಲ್ಲಿ ಪ್ರಕಟಿಸಿತ್ತು. ನೋವು ಶುರುವಾಗಿ ಆಸ್ಪತ್ರೆ ಬಾಗಿಲು ಮುಟ್ಟಲು ಹಿಡಿದ ಸಮಯದ ಮಧ್ಯಾಂಕ 360 ನಿಮಿಷ. ಬಾಗಿಲು ದಾಟಿದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೀಳಲು ಹಿಡಿದದ್ದು 50 ನಿಮಿಷ. ಉಳಿದ ಆರು ಗಂಟೆ ಕಳೆದಿದ್ದು ಮನೆಯಲ್ಲಿ ಮತ್ತು ದಾರಿಯಲ್ಲಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು, ಎದೆಗೆ ಬಾಮ್ ಹಚ್ಚಿ, ಬೆಳಗಾಗಲಿ ನೋಡೋಣ ಅಂತ ಮಗ್ಗುಲು ಬದಲಿಸಿದ ಹೊತ್ತೆಲ್ಲ ಅದರೊಳಗೇ ಇದೆ.